ಮಿರ್ಗದ ದಿನದ ಸಮುದ್ರ

ಬೀದರಿನಿಂದ ಸಮುದ್ರ ಎಷ್ಟು ದೂರ ಎಂದು ಕೇಳಿದರೆ ಭೂಗೋಳದ ಮಾಸ್ತರರು ಏನಾದರೊಂದು ಲೆಕ್ಕ ಹೇಳಿಯಾರು. ಚಿದ್ರಿಯ ನಮ್ಮ ಓಣಿಯಲ್ಲಿ ಕೇಳಿದರೆ, "ಆ ಪೈಪಿನ ಅಂಗಡಿ ತನಕ ಹೋಗ್ರಿ, ಅಲ್ಲೇ ಅದ" ಅನ್ನುತ್ತಾರೆ. ಪೈಪಿನ ಅಂಗಡಿ ನಮ್ಮದು. ಸಮುದ್ರ ಇರುವುದು ಅದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುವ ನನ್ನ ಗಂಡನ ಬಾಯಲ್ಲಿ.

ಮದುವೆಯಾದ ಹೊಸದರಲ್ಲಿ ಅವರು ಮೂರು ವರ್ಷ ಕುಮಟಾ ಕಡೆ ಹೆದ್ದಾರಿ ಕೆಲಸದಲ್ಲಿ ಸೂಪರ್‌ವೈಸರ್ ಆಗಿದ್ದರು. ದೀಪಾವಳಿ ಮುಗಿಸಿ ಹೋಗುವರು, ಬೇಸಿಗೆ ಮುಗಿಯುವ ಮೊದಲೇ ಬರುವರು. ಮಳೆ ಹಿಡಿದರೆ ಅಲ್ಲಿ ಡಾಂಬರು ಕಚ್ಚುವುದಿಲ್ಲವಂತೆ, ಕೆಲಸ ಬಂದ್. ಆ ದಿನಗಳಲ್ಲಿ ಸಂಜೆಯಾದರೆ ದಂಡೆಗೆ ಹೋಗಿ ಮೀನುಗಾರರ ಜೊತೆ ಬಲೆ ಎಳೆದದ್ದು, ಬಂಡೆಯ ಮೇಲೆ ಕೂತು ಗಾಳ ಹಾಕಿದ್ದು, ಯಾವ ಗಾಳಿಗೆ ಯಾವ ಮೀನು ದಂಡೆಗೆ ಬರುತ್ತದೆ ಎಂಬುದನ್ನು ಕಲಿತದ್ದು, ಇವೆಲ್ಲ ಅವರ ಆಸ್ತಿ. ಆ ಕೆಲಸ ಬಿಟ್ಟು ಅಂಗಡಿ ಹಾಕಿ ಎಷ್ಟೋ ವರ್ಷವಾಯಿತು. ಆದರೂ ಮುಕ್ಕಾಲು ಇಂಚಿನ ಎಲ್ಬೋ ಕೇಳಿಕೊಂಡು ಬಂದ ಪ್ಲಂಬರನಿಗೆ ಮೊದಲು ಉಬ್ಬರ ಇಳಿತ ಸಿಗುತ್ತದೆ, ಆಮೇಲೆ ಎಲ್ಬೋ. ಕೆಲವರು ಅವಸರವಿದ್ದರೆ ನನ್ನ ಕಡೆ ಬಂದು ಮೆಲ್ಲಗೆ ಕೇಳಿ ಒಯ್ಯುತ್ತಾರೆ.

ಈ ಸಮುದ್ರ ನಮ್ಮ ಮನೆಗೆ ತೊಂದರೆ ಕೊಡುತ್ತಿದ್ದದ್ದು ವರ್ಷಕ್ಕೆ ಒಂದು ದಿನ, ಮಿರ್ಗದ ದಿನ. ಮೃಗಶಿರ ಮಳೆ ಕೂಡುವ ದಿನಕ್ಕೆ ನಮ್ಮಲ್ಲಿ ಮಿರ್ಗ ಅನ್ನುತ್ತೇವೆ. ಆ ದಿನ ಮೀನು ತಿನ್ನಬೇಕು. ತಿಂದರೆ ಮಳೆಗಾಲದ ತಂಪಿಗೆ ಮೈ ತಡೆಯುತ್ತದೆ, ಕೆಮ್ಮು ದಮ್ಮು ಹತ್ತಿರ ಬರುವುದಿಲ್ಲ. ನನ್ನ ಅತ್ತೆ ಔರಾದ ಕಡೆಯ ಸಂತಪುರದವರು, ಕುರಿ ಸಾಕುವ ಮನೆತನ. ಅವರಿಗೆ ಉಳಿದ ದಿನ ಮೀನಿನ ಹೆಸರೂ ಬೇಡ, ಆದರೆ ಮಿರ್ಗದ ದಿನ ಮೀನು ತಪ್ಪಿದ್ದಿಲ್ಲ. ಒಂದು ವರ್ಷ ಜ್ವರ ಬಂದು ಮಲಗಿದ್ದಾಗಲೂ ಚಮಚದಲ್ಲಿ ಸಾರು ಕುಡಿಸಿದ್ದೆ. ಮೊಣಕಾಲು ನೋವಿನಿಂದ ಹಿಡಿದು ಸೊಸೆ ಎದುರುತ್ತರ ಕೊಡುವ ತನಕ, ಲೋಕದ ಎಲ್ಲ ಕೇಡಿಗೂ ಆ ಮನೆಯವರು ಯಾವುದೋ ವರ್ಷ ಮಿರ್ಗದ ಮೀನು ಬಿಟ್ಟದ್ದೇ ಕಾರಣ ಎಂದು ಅವರ ನಂಬಿಕೆ.

ಮಿರ್ಗದ ದಿನ ಬೀದರಿನ ಮೀನು ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾರಂಜಾ ಡ್ಯಾಮಿನದು, ಮಂಜ್ರಾ ಹೊಳೆಯದು, ಕೆರೆಗಳದು, ಎಲ್ಲ ಮೀನೂ ಅಂದು ಅಲ್ಲಿಗೇ ಬರುತ್ತದೆ. ಆ ಗದ್ದಲದಲ್ಲಿ ನಮ್ಮವರು ಒಂದೊಂದು ಮೀನಿನ ಕಿವಿರು ಎತ್ತಿ ನೋಡಿ, ಮಾರುವವನಿಗೆ ಕೇಳುವಂತೆ ನಿಟ್ಟುಸಿರು ಬಿಡುವರು. "ಇದು ಮೀನಲ್ಲ, ಕೆಸರಿಗೆ ಕಣ್ಣು ಮೂಡ್ಯಾವ" ಎಂಬುದು ಅವರ ವರ್ಷದ ಮಾತು. ಊಟಕ್ಕೆ ಕೂತಾಗ ಮತ್ತೆ ಅದೇ. ನಾನು ಹುಣಸೆಹುಳಿ, ಖಾರ, ಬೆಳ್ಳುಳ್ಳಿ ಹಾಕಿ ಒಲೆ ಮುಂದೆ ಅರ್ಧ ದಿನ ಕಳೆದಿರುತ್ತೇನೆ. ಅವರು ಒಂದು ತುಂಡು ಮುರಿದು ಕಿಟಕಿಯ ಆಚೆ ನೋಡುತ್ತಾರೆ, ಆಚೆ ಸಮುದ್ರ ಇದ್ದಂತೆ. ಆಚೆ ಇರುವುದು ಪಕ್ಕದ ಮನೆಯ ಸಿಂಟೆಕ್ಸ್ ಟಾಕಿ.

ಈ ಊಟಕ್ಕೆ ಪ್ರತಿ ವರ್ಷ ಭಾಲ್ಕಿಯಿಂದ ಭಾವ ಬರುತ್ತಾರೆ. ನಮ್ಮವರ ಅಕ್ಕನ ಗಂಡ, ಅತ್ತೆಗೆ ಒಬ್ಬನೇ ಅಳಿಯ. ಭಾಲ್ಕಿಯಲ್ಲಿ ರೈತರ ತೊಗರಿ ಕಡಲೆ ಮಾರಿಸಿಕೊಡುವ ಅಡತಿ ಅಂಗಡಿ ಇದೆ. ಕಾರಂಜಾ ಡ್ಯಾಮು ತಮ್ಮ ತಾಲೂಕಿನದೆಂದು ಆ ಮೀನನ್ನು ಯಾರಾದರೂ ಬೈದರೆ ತಮ್ಮನ್ನೇ ಬೈದಂತೆ ತಿಳಿಯುವವರು. ಹೋದ ವರ್ಷದ ಹಿಂದಿನ ವರ್ಷ ನಮ್ಮವರು ತಟ್ಟೆ ಸರಿಸಿದ್ದೇ ಭಾವ ಕೈ ತೊಳೆಯದೆ ಮಾತಿಗಿಳಿದರು.

"ಏ ಮಾಲಕ್, ನಿಮ್ಮ ಸಮುದ್ರ ಕೇಳಿ ಕೇಳಿ ನನ್ನ ಕಿವ್ಯಾಗ ಉಪ್ಪು ಕುಂತದ. ಒಂದೇ ಒಂದು ಮೀನು ಹಿಡದು ತೋರ್ಸ್ರಿ, ಆಮ್ಯಾಲ ಮಾತಾಡ್ರಿ."

ನಮ್ಮವರು ಎದ್ದು ನಿಂತರು. ಅಳಿಯನ ಮಾತಿಗೆ ಕೂತು ಉತ್ತರ ಕೊಡಬಹುದಿತ್ತು, ಆದರೆ ಪ್ರತಿಜ್ಞೆಗೆ ಎದ್ದು ನಿಲ್ಲಬೇಕಾಗುತ್ತದೆ. "ಮುಂದಿನ ಮಿರ್ಗಕ್ಕ ನಮ್ಮವ್ವನ ತಾಟಿನಾಗ ಸಮುದ್ರದ ಮೀನು. ನಾನೇ ಹಿಡಿತೇನಿ, ನಾನೇ ಹಾಕ್ತೇನಿ. ಆಗಲಿಲ್ಲಂದ್ರ ಅಂಗಡ್ಯಾಗ ಸಮುದ್ರದ ಹೆಸರು ತೆಗಿಯಂಗಿಲ್ಲ."

ಬಾಗಿಲು ತೆರೆದಿತ್ತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಪ್ಲಂಬರುಗಳು ಅಂದಿನಿಂದ ನಮ್ಮವರ ಆರೋಗ್ಯ ವಿಚಾರಿಸತೊಡಗಿದರು. ಅವರು ಗೆಲ್ಲಲಿ ಎಂದೋ ಸೋಲಲಿ ಎಂದೋ ನನಗೆ ತಿಳಿಯಲಿಲ್ಲ.

ಮಳೆಗಾಲದಲ್ಲಿ ಸಮುದ್ರಕ್ಕೆ ಹೋಗುತ್ತಾರೆಯೇ ಎಂದು ನಾನೊಮ್ಮೆ ಕೇಳಿದ್ದೆ. ಒಂದು ಕೆರೆಗೇ ಮಿರ್ಗಕ್ಕೆ ಇಷ್ಟು ಮೀನು ಬಂದರೆ ಸಮುದ್ರಕ್ಕೆ ಎಷ್ಟು ಬರಬೇಡ, ನೀನೇ ಲೆಕ್ಕ ಹಾಕು ಅಂದರು. ನಾನು ಲೆಕ್ಕ ಹಾಕಿದೆ, ಸರಿ ಅನಿಸಿತು. ಅತ್ತೆಗೂ ಸರಿ ಅನಿಸಿತು, ಭಾವನಿಗೂ. ನಮ್ಮ ಕಡೆ ಮೀನಿಗೆ ಇರುವುದು ಒಂದೇ ಹಂಗಾಮು. ಮಿರ್ಗ ಪಂಚಾಂಗದಲ್ಲಿದೆ, ಸಮುದ್ರವೇನು ಪಂಚಾಂಗದ ಹೊರಗಿದೆಯೇ ಎಂದು ನಾಲ್ಕೂ ಜನ ತಿಳಿದಿದ್ದೆವು.

ಮರುವರ್ಷ ಮಿರ್ಗದ ಹಿಂದಿನ ದಿನ ಪಕ್ಕದ ಊರು ಕಮಠಾಣದವರ ಒಂದು ಜೀಪು ಬಾಡಿಗೆಗೆ ಹಿಡಿದು ಹೊರಟೆವು. ಭಾವನ ಹೆಂಡತಿ, ಅಂದರೆ ನನ್ನ ನಾದಿನಿ, ಪ್ರಯಾಣ ಆಗದೆಂದು ಭಾಲ್ಕಿಯಲ್ಲೇ ಉಳಿದರು. ಮಕ್ಕಳನ್ನು ತಂಗಿಯ ಮನೆಯಲ್ಲಿ ಬಿಟ್ಟೆ. ನಾನು ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಸಾಲೆ, ಹುಣಸೆಹಣ್ಣು, ಕುಸುಬಿ ಎಣ್ಣೆ ಎಲ್ಲ ಕಟ್ಟಿಕೊಂಡೆ. ಅಲ್ಲಿಯವರು ತಲೆಗೆ ಹಚ್ಚುವ ಎಣ್ಣೆಯಲ್ಲೇ ಅಡುಗೆ ಮಾಡುತ್ತಾರೆ ಎಂದು ಅತ್ತೆ ಯಾರಿಂದಲೋ ಕೇಳಿದ್ದರು. ದಾರಿಯುದ್ದಕ್ಕೂ ನಮ್ಮವರು ಯಾವ ಮೀನು, ಎಷ್ಟು ದಪ್ಪ, ಹೇಗೆ ಕೊಯ್ಯಬೇಕು ಎಂದು ಹೇಳುತ್ತ ಬಂದರು. ಹುಬ್ಬಳ್ಳಿಯಲ್ಲಿ ತಂಗಿ, ಮರುದಿನ ಘಟ್ಟ ಇಳಿದೆವು. ಘಟ್ಟದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಭಾವ ಅದನ್ನು ನೋಡಿ ಮಿರ್ಗ ಬರೋಬ್ಬರಿ ಕೂಡಿದೆ, ಮೀನು ಭಾರಿ ಇರುತ್ತದೆ ಎಂದು ಸಂತೋಷಪಟ್ಟರು.

ದಂಡೆಗೆ ಮುಟ್ಟಿದಾಗ ಇನ್ನೂ ಬೆಳಗಿನ ಹೊತ್ತು. ದೋಣಿಗಳು ಇದ್ದವು, ಆದರೆ ನೀರಿನಲ್ಲಿ ಅಲ್ಲ. ದೂರ ಮರಳಿನ ಮೇಲೆ ಎಳೆದು ಇಟ್ಟು, ನೀಲಿ ತಾಡಪತ್ರಿ ಹೊದಿಸಿ, ಮೇಲೆ ತೆಂಗಿನ ಗರಿ ಹಾಕಿ ಬಿಗಿದಿದ್ದರು. ನಮ್ಮಲ್ಲಿ ಬಣವೆ ಮುಚ್ಚಿದ ಹಾಗೆ. ಸಮುದ್ರ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ ಮನೆಯೆತ್ತರ ಎದ್ದು ಬೀಳುತ್ತಿತ್ತು. ಒಂದು ನಾಯಿ ಬಿಟ್ಟರೆ ನರಪಿಳ್ಳೆ ಇಲ್ಲ. ಅತ್ತೆ ಜೀಪಿನಿಂದ ಇಳಿದು ಸೆರಗು ತಲೆಗೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಜೀವನದಲ್ಲಿ ಮೊದಲ ಸಲ ಸಮುದ್ರ ಕಂಡವರು.

"ಇಷ್ಟು ನೀರು," ಅಂದರು, "ಒಂದು ಕುರಿ ಕುಡಿಯಂಗಿಲ್ಲ."

ಭಾವ ಮೀನು ಹಿಡಿಯುವವರೆಲ್ಲ ತಿಂಡಿಗೆ ಹೋಗಿದ್ದಾರೇನು ಎಂದು ಕೇಳಿದರು. ನಮ್ಮವರು ತಾವು ಹಿಂದೆ ಬಾಡಿಗೆಗಿದ್ದ ಮನೆಯ ಕಡೆ ಬಿರಬಿರನೆ ನಡೆದರು. ಆ ಮನೆಯ ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಗುರುತು ಹಿಡಿದರು, ಚಹಾ ಕೊಟ್ಟರು, ಬಂದ ಕಾರಣ ಕೇಳಿ ಬಾಯಿಗೆ ಸೆರಗು ಹಿಡಿದರು. ಈ ಎರಡು ತಿಂಗಳು ಯಾಂತ್ರಿಕ ದೋಣಿ ಇಳಿಸಬಾರದೆಂದು ಸರ್ಕಾರದ ಕಟ್ಟಳೆ, ಸಣ್ಣ ದೋಣಿಯವರನ್ನೂ ಈ ತೆರೆ ಬಿಡುವುದಿಲ್ಲ, ಮೀನು ಮೊಟ್ಟೆ ಇಡುವ ಕಾಲ ಬೇರೆ. ಈಗ ನಾವೆಲ್ಲ ಒಣಮೀನು ತಿನ್ನುವವರು ಎಂದು ನಿಧಾನವಾಗಿ ಬಿಡಿಸಿ ಹೇಳಿದರು.

"ಮಿರ್ಗಕ್ಕ ಮೀನು ಸಿಗಂಗಿಲ್ಲಂದ್ರ ಇದು ಎಂಥಾ ಸಮುದ್ರರಿ?" ಅಂದರು ಭಾವ.

ಮಿರ್ಗ ಅಂದರೆ ಎಂತದು ಎಂದು ಅಜ್ಜಿ ಕೇಳಿದರು. ಭಾವ ಹೇಳಹೊರಟು, ಅಷ್ಟು ದೊಡ್ಡ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಚಹಾ ಹೀರಿದರು.

ಅಜ್ಜಿ ನಮ್ಮವರ ಕಡೆ ತಿರುಗಿದರು. "ನಿನ್ನ ತಪ್ಪಲ್ಲ ತಮ್ಮಾ. ಮಳೆ ಹನಿ ಬೀಳೂಕೆ ಮೊದಲೇ ನೀನು ಡಾಂಬರಿನ ಜೊತೆ ಊರಿಗೆ ಹೋಗ್ತಿದ್ದೆ. ನೀನು ಕಂಡದ್ದು ಅರ್ಧ ವರ್ಷದ ಸಮುದ್ರ."

ಹದಿನೈದು ವರ್ಷದಲ್ಲಿ ಸಮುದ್ರದ ವಿಷಯಕ್ಕೆ ನಮ್ಮವರು ಸುಮ್ಮನಾದದ್ದು ಅದೇ ಮೊದಲು. ಚಹಾದ ಲೋಟ ಕೆಳಗಿಡಲೂ ಮರೆತಿದ್ದರು. ಭಾಲ್ಕಿಯ ಅಡತಿ ಅಂಗಡಿಯಲ್ಲಿ ನಾಳೆ ಏನೇನು ಮಾತು ತೂಕಕ್ಕೆ ಬೀಳುತ್ತದೆ ಎಂದು ಅವರು ಎಣಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅತ್ತೆಯದು ಬೇರೆ ಚಿಂತೆ. ಇಂದು ಸೂರ್ಯ ಮುಳುಗುವುದರೊಳಗೆ ಮೀನು ಬಾಯಿಗೆ ಬೀಳದಿದ್ದರೆ ಈ ಮಳೆಗಾಲ ಹೇಗೆ ಎಂದು ಮೊಣಕಾಲು ನೀವಿಕೊಳ್ಳತೊಡಗಿದ್ದರು.

ಅಜ್ಜಿಗೆ ಪಾಪ ಅನಿಸಿರಬೇಕು. ಊರ ಹಿಂದೆ ಹೊಳೆ ಸಮುದ್ರ ಸೇರುವಲ್ಲಿ ಉಪ್ಪುನೀರು ಒಳನುಗ್ಗಿ ನಿಲ್ಲುವ ಕೋಡಿ ಇದೆ, ಅಲ್ಲಿ ತೆರೆಯ ಕಾಟ ಇಲ್ಲ. ಮಳೆ ಸ್ವಲ್ಪ ಬಿಟ್ಟು ಹೊಳವಾದಾಗ ಕೇರಿಯ ಗಂಡಸರು ದಂಡೆಯಿಂದಲೇ ಒಂದು ಸಣ್ಣ ಬಲೆ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಸಮಪಾಲು, ಊರವರೋ ಪರವೂರವರೋ ನೋಡುವ ಪದ್ಧತಿ ಇಲ್ಲ. ಹೋಗಿ ನೋಡಿ, ಅಂದರು. ನಮ್ಮವರ ಮುಖಕ್ಕೆ ಜೀವ ಬಂತು. ಈ ಸಮಪಾಲಿನ ಕತೆ ಅಂಗಡಿಯಲ್ಲಿ ಕೇಳದ ಗಿರಾಕಿಯೇ ಇಲ್ಲ.

ನಾವು ಹೋದಾಗ ಮಳೆ ಹನಿಗೆ ಇಳಿದಿತ್ತು, ಬಲೆ ಆಗಲೇ ನೀರಿನಲ್ಲಿತ್ತು. ಒಂದು ಪುಟ್ಟ ದೋಣಿಯಲ್ಲಿ ಹೋಗಿ ಅದನ್ನು ಅರ್ಧಚಂದ್ರದಂತೆ ಬಿಟ್ಟು ಬಂದಿದ್ದರು. ಬಲೆಯ ಎರಡು ತುದಿಯ ಎರಡು ಹಗ್ಗ ದಂಡೆಯ ಮೇಲೆ, ಒಂದರಿಂದ ಒಂದು ಸ್ವಲ್ಪ ದೂರದಲ್ಲಿ. ಒಂದೊಂದು ಹಗ್ಗಕ್ಕೆ ನಾಲ್ಕಾರು ಜನ. ಎರಡೂ ಕಡೆಯವರು ಒಂದೇ ಹದದಲ್ಲಿ ಎಳೆಯುತ್ತ ಹತ್ತಿರ ಹತ್ತಿರ ಬರಬೇಕು, ಆಗ ಬಲೆ ಚೀಲದಂತೆ ಕೂಡಿ ಮೀನು ಒಳಗೆ ಉಳಿಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮವರೇ, ಅಲ್ಲಿಗೆ ನಡೆಯುವ ದಾರಿಯಲ್ಲಿ.

ಬಲೆಯ ಯಜಮಾನ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಮೌನಿ. ನಮ್ಮವರನ್ನು ಮೇಲಿಂದ ಕೆಳಗೆ ನೋಡಿ ಎಡಗಡೆಯ ಹಗ್ಗ ತೋರಿಸಿದ. ನಾನೂ ಹಿಡಿದೆ. ಹಿಂದಿನಿಂದ ಅತ್ತೆ ಬಂದರು. ಬೇಡವೆಂದರೆ ಕೇಳಲಿಲ್ಲ. ಕೈ ಹಚ್ಚಿದವರಿಗೆ ಪಾಲು ಎಂದಮೇಲೆ ನಾನೂ ಹಚ್ಚುತ್ತೇನೆ ಎಂದು ಕಚ್ಚೆಯಂತೆ ಸೀರೆ ಮೇಲಕ್ಕೆ ಸಿಕ್ಕಿಸಿ, ಹಗ್ಗದ ಕೊನೆಯನ್ನು ಮೊಂಡ ಟಗರಿನ ಹಗ್ಗ ಹಿಡಿದ ಹಾಗೆ ಮುಂಗೈಗೆ ಸುತ್ತಿಕೊಂಡರು. ಭಾವನನ್ನು ಯಾರೂ ಕರೆಯಲಿಲ್ಲ. ಅತ್ತೆ ಇರುವ ಕಡೆ ಅಳಿಯನಿಗೆ ಕೆಲಸ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರು ಛತ್ರಿ ಬಿಡಿಸಿಕೊಂಡು ಒಂದು ದಿಬ್ಬ ಹತ್ತಿ ನಿಂತರು.

ಆ ದಿಬ್ಬದಿಂದ ಅವರಿಗೆ ಕಂಡದ್ದು ಬಲೆಯಲ್ಲ. ಅದು ನೀರಿನೊಳಗೆ ಇತ್ತು. ಕಂಡದ್ದು ಎರಡು ಗುಂಪು, ಎರಡೂ ಗುಂಪಿನ ಕೈಯಲ್ಲಿ ಹಗ್ಗ, ಎರಡೂ ಗುಂಪು ಹಲ್ಲು ಕಚ್ಚಿ ಜಗ್ಗುತ್ತಿವೆ. ಭಾಲ್ಕಿಯ ಸಾಲೆ ಮೈದಾನದಲ್ಲಿ ಆಗಸ್ಟ್ ಹದಿನೈದಕ್ಕೆ ಇಂಥದ್ದನ್ನು ಅವರು ಚಿಕ್ಕಂದಿನಿಂದ ನೋಡಿದವರು. ಮೂರು ವರ್ಷ ಅದಕ್ಕೆ ತೀರ್ಪು ಹೇಳುವ ಪಂಚರಾಗಿಯೂ ನಿಂತವರು. ಸ್ವಲ್ಪ ಹೊತ್ತು ನೋಡಿದರು. ಆ ಕಡೆಯ ಗುಂಪು ಒಂದೆರಡು ಹೆಜ್ಜೆ ಮುಂದಾದದ್ದು ಕಂಡಿರಬೇಕು, ಛತ್ರಿ ಮುಚ್ಚಿದರು.

"ಏ ಮಾಲಕ್, ಆ ಪಾರ್ಟಿ ಜೋರದ. ಕಾಲು ಊರ್ರಿ. ಬೆನ್ನು ಕೊಡ್ರಿ."

ನಮ್ಮವರು ಇದು ಆ ಆಟ ಅಲ್ಲ ಎಂದು ಹಿಂದಿರುಗಿ ಹೇಳಿದರು. ಆದರೆ ಹೇಳುವ ಭರದಲ್ಲಿ ಅವರ ಕೈ ಸಡಿಲಾಯಿತು, ನಮ್ಮ ಹಗ್ಗ ಒಂದಿಷ್ಟು ನೀರಿಗೆ ಜಾರಿತು. ಭಾವನಿಗೆ ಅಷ್ಟು ಸಾಕು. "ಸೋತ್ರು ಅಂತ ಹೇಳ್ಲೇನು ಭಾಲ್ಕಿದಾಗ?"

ಇಷ್ಟು ವರ್ಷದ ಸಮುದ್ರಜ್ಞಾನ ಒಂದು ಕಡೆ, ಭಾಲ್ಕಿ ಒಂದು ಕಡೆ. ನಮ್ಮವರು ನೀರಿಗೆ ಬೆನ್ನು ತಿರುಗಿಸಿ, ಹಿಮ್ಮಡಿ ಮರಳಿಗೆ ಊರಿ, ಹಗ್ಗವನ್ನು ಹೆಗಲಿಗೆ ಏರಿಸಿಕೊಂಡು ಜಗ್ಗಿದರು. ಭಾವ ದಿಬ್ಬದ ಮೇಲಿಂದ ಹೈಸಾ ಹೈಸಾ ಅನ್ನತೊಡಗಿದರು. ಆ ಹೈಸಾದಲ್ಲಿ ಏನೋ ಇರುತ್ತದೆ. ಪಕ್ಕದಲ್ಲಿದ್ದ ಊರಿನ ಇಬ್ಬರೂ ಗೊತ್ತಿಲ್ಲದೆ ಜಗ್ಗಿದರು, ನಾನೂ ಜಗ್ಗಿದೆ, ಅತ್ತೆಯಂತೂ ಕೂತೇಬಿಟ್ಟರು. ನಮ್ಮ ಕಡೆಯ ಬಲೆ ಸರಸರ ದಂಡೆಗೆ ಬಂತು. ಆ ಕಡೆಯದು ಇನ್ನೂ ಆಳದಲ್ಲಿತ್ತು. ಬಲೆ ಓರೆಯಾಗಿ ತೆರೆದುಕೊಂಡಿತು, ಮಂಗಳಾರತಿ ಮುಗಿದ ಮೇಲೆ ಗುಡಿಯಿಂದ ಜನ ಹೊರಬೀಳುವ ಹಾಗೆ ಮೀನು ಹೊರಬಿದ್ದು ಹೋಯಿತು. ಬೆಳ್ಳಗೆ ಮಿಂಚಿ ಹೋದದ್ದು ನಮಗೆಲ್ಲ ಕಂಡಿತು.

ಇಡೀ ದಂಡೆಯಲ್ಲಿ ಚಪ್ಪಾಳೆ ಹೊಡೆದವರು ಒಬ್ಬರೇ. ಆ ಕಡೆಯ ಗುಂಪಿನವರು ಸಡಿಲವಾದ ಹಗ್ಗ ಹಿಡಿದುಕೊಂಡು ನಮ್ಮನ್ನು ನೋಡುತ್ತ ನಿಂತಿದ್ದರು.

ಬಲೆಯ ಯಜಮಾನ ಬಂದ. ಬಲೆ ನೋಡಿದ, ನಮ್ಮವರನ್ನು ನೋಡಿದ. ಯಾವ ಊರು ಎಂದು ಕೇಳಿದ. ಬೀದರ ಅಂದರು ನಮ್ಮವರು.

"ಅಲ್ಲಿ ಮೀನು ಹೀಗೆ ಹಿಡೀತಾರಾ?"

ಮರಳಿನಲ್ಲಿ ಕೂತಲ್ಲಿಂದಲೇ ಅತ್ತೆ ಹೇಳಿದರು, "ಇಲ್ಲೋ ಯಪ್ಪಾ, ನಾವು ಕುರಿ ಹಿಡಿತೇವಿ."

ಅವನು ನಕ್ಕ. ಅವನು ನಕ್ಕದ್ದರಿಂದ ಉಳಿದವರೂ ನಕ್ಕರು. ಬಲೆಯ ಮೂಲೆಯಲ್ಲಿ ಉಳಿದದ್ದು ಅಂಗೈಯುದ್ದದ ಬೆಳ್ಳಿ ಬಣ್ಣದ ಮೀನು ಒಂದಿಷ್ಟು, ಜೊತೆಗೆ ಕೆಲವು ಸೀಗಡಿ. ಪ್ಲಾಸ್ಟಿಕ್ ಹಾಳೆ ಹಾಸಿ ಅವನು ಗುಪ್ಪೆ ಹಾಕಿದ. ಬಲೆಗೆ ಒಂದು, ದೋಣಿಗೆ ಒಂದು, ಹಗ್ಗ ಹಿಡಿದ ತಲೆಗೆ ಒಂದೊಂದು. ಕೆಡಿಸಿದವರೆಂದು ನಮ್ಮ ಗುಪ್ಪೆಯಿಂದ ಒಂದು ಸೀಗಡಿಯನ್ನೂ ಕಡಿಮೆ ಮಾಡಲಿಲ್ಲ. ನಮ್ಮವರಿಗೆ ಒಂದು, ನನಗೆ ಒಂದು, ಅತ್ತೆಗೆ ಒಂದು. ಅಷ್ಟರಲ್ಲಿ ಭಾವ ದಿಬ್ಬ ಇಳಿದು ಬಂದು ಸಾಲಿನ ಕೊನೆಗೆ ನಿಂತರು. ಯಜಮಾನ ಹಾಳೆ ಮಡಚಿದ. ಇವರದು ಎಂದು ನಮ್ಮವರು ಕೇಳಿದರು. ಇವರು ಹಗ್ಗ ಮುಟ್ಟಲಿಲ್ಲವಲ್ಲ, ಅಂದ ಅವನು.

"ನಾ ಇಲ್ಲಂದ್ರ ಇವರು ಗೆಲ್ತಿದ್ರೇನು?" ಅಂದರು ಭಾವ.

ಅಜ್ಜಿಯ ಅಡುಗೆಮನೆಯಲ್ಲಿ ಮೀನು ತೊಳೆಯಲು ಕೂತೆ. ಆಗ ಶುರುವಾಯಿತು ನಿಜವಾದ ಪೇಚಾಟ. ನಮ್ಮ ಮನೆಯಲ್ಲಿ ಅಳಿಯ ಬಂದಾಗ ಮೊದಲ ತಟ್ಟೆ ಅಳಿಯನದು, ಒಳ್ಳೆಯ ತುಂಡು ಅವರಿಗೆ. ಅವರು ಉಂಡು ಏಳುವ ತನಕ ಅತ್ತೆ ತುತ್ತು ಮುಟ್ಟುವುದಿಲ್ಲ. ಮೀನು ಇಷ್ಟೇ ಇಷ್ಟು. ಭಾವ ಹಸಿದಿದ್ದಾರೆ. ನಮ್ಮವರು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದರು. ತಮ್ಮ ಗುಪ್ಪೆಯ ಒಂದು ಮೀನಾದರೂ ಅವ್ವನ ತಾಟಿಗೆ ಬಿದ್ದರೆ ಆಡಿದ ಮಾತು ಉಳಿಯುತ್ತದೆ. ಅದು ಭಾವನ ಹೊಟ್ಟೆಗೆ ಹೋದರೆ ಅಂಗಡಿಯಲ್ಲಿ ಬಾಯಿ ಬಂದ್. ಹಾಗಂತ ಅಳಿಯನಿಗೆ ಬಡಿಸದೆ ಅವ್ವನಿಗೆ ಬಡಿಸಿದರೆ ಭಾಲ್ಕಿಯಲ್ಲಿ ಅಕ್ಕ ಏನನ್ನಬೇಕು.

ಅತ್ತೆ ಒಳಗೆ ಬಂದು ನನ್ನ ಪಕ್ಕ ಕೂತರು. "ನಂದು ಬ್ಯಾರೆ ಬೇಯಿಸು," ಅಂದರು. ಬೇರೆ ಬೇಯಿಸಿದೆ. ಸಾರು ಕುದಿ ಬಂದದ್ದೇ ತಟ್ಟೆ ತಾವೇ ತೊಳೆದುಕೊಂಡು, ರೊಟ್ಟಿ ಮುರಿದು, ಎಲ್ಲರ ಎದುರಿಗೆ ಮೊದಲ ತುತ್ತು ಬಾಯಿಗಿಟ್ಟರು. ಭಾವ ಇನ್ನೂ ಕೈ ತೊಳೆದಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದಮೇಲೆ ಅಂಥದ್ದು ಕಂಡಿರಲಿಲ್ಲ. ನಮ್ಮವರು ಅವಸರದಿಂದ ತಮ್ಮ ಪಾಲಿನದೊಂದು ಮೀನು ಹಿಡಿದು ಅವ್ವನ ತಾಟಿನ ಕಡೆ ಬಗ್ಗಿದರು. ಅತ್ತೆ ಎಡಗೈಯನ್ನು ತಾಟಿನ ಮೇಲೆ ಅಡ್ಡ ಹಿಡಿದರು.

"ನಂದು ನಾ ಹಿಡದೇನಿ. ನಿಂದು ಅಳಿಯಂದ್ರಿಗಿ ಹಾಕು. ಅವರು ಬರೀ ಬಾಯಿಲೆ ಜಗ್ಯಾರ, ಉಪಾಸ ಹ್ಯಾಂಗ ಇರ್ತಾರ."

ಹೀಗೆ ನಮ್ಮವರು ಸಮುದ್ರದಲ್ಲಿ ಹಿಡಿದ ಮೀನು ಭಾಲ್ಕಿಯ ಪಾಲಾಯಿತು. ಭಾವ ಮುಳ್ಳು ಚೀಪಿ ಚೀಪಿ ತಿಂದರು. ಕಾರಂಜಾದ ರುಚಿ ಇಲ್ಲ ಎಂದು ಹೇಳುವುದನ್ನೂ ಮರೆಯಲಿಲ್ಲ. ನಮ್ಮವರು ನನ್ನ ಪಾಲಿನಲ್ಲಿ ಅರ್ಧ ತಿಂದರು.

ಊರಿಗೆ ಬಂದಮೇಲೆ ಅಂಗಡಿಯಲ್ಲಿ ಎಲ್ಬೋ ಕೇಳಿದವರಿಗೆ ನೇರ ಎಲ್ಬೋ ಸಿಗತೊಡಗಿತು. ಪ್ಲಂಬರುಗಳು ಮೊದಲು ಖುಷಿಪಟ್ಟರು, ಆಮೇಲೆ ನಿಂತು ನಿಂತು ಹೋಗತೊಡಗಿದರು. ಮಾಲಕರಿಗೆ ಮೈಯಲ್ಲಿ ಹುಷಾರಿಲ್ಲವೇನು ಎಂದು ಒಬ್ಬ ನನ್ನನ್ನೇ ಕೇಳಿದ. ಏನೆಂದು ಹೇಳಲಿ. ಕೊಟ್ಟ ಮಾತು ಮುರಿದು ಬಿದ್ದಿತ್ತು, ಅದನ್ನು ಯಾರು ಮೊದಲು ಬಾಯಿಬಿಟ್ಟು ಹೇಳುತ್ತಾರೆಂದು ನಮ್ಮವರು ಕಾಯುತ್ತಿದ್ದರು. ಹೇಳಬೇಕಾದವರು ಭಾಲ್ಕಿಯ ಭಾವ.

ನಾಗಪಂಚಮಿಗೆ ಮೊದಲು ನಾದಿನಿಯನ್ನು ತವರಿಗೆ ಕರೆಯಲು ಭಾಲ್ಕಿಗೆ ಹೋದೆವು. ಅಡತಿ ಅಂಗಡಿಯಲ್ಲಿ ಔರಾದ ಕಡೆಯ ರೈತರು ನಾಲ್ಕಾರು ಜನ ಚೀಲಗಳ ಮೇಲೆ ಕೂತಿದ್ದರು. ನಾವು ಒಳಗೆ ಕಾಲಿಡುತ್ತಲೇ ಭಾವ ಗಾದಿಯಿಂದ ಅರ್ಧ ಎದ್ದು, ನೋಡ್ರಿ, ನಾ ಹೇಳಿದ್ನಲ್ಲ, ಇವರೇ ಅಂದರು. ನಮ್ಮವರು ಬಾಗಿಲಲ್ಲೇ ನಿಂತರು. ಆಮೇಲೆ ಭಾವ ಹೇಳಿದ್ದನ್ನು ಕೇಳಿ ನಾನೂ ಒಂದು ಚೀಲದ ಮೇಲೆ ಕೂತೆ. ಸಮುದ್ರದ ದಂಡೆಯಲ್ಲಿ ಮಿರ್ಗದ ದಿನ ಅಲ್ಲಿಯವರು ಹಗ್ಗ ಜಗ್ಗುವ ಪಂದ್ಯ ಇಟ್ಟಿರುತ್ತಾರೆ, ನೀರಿನವರಿಗೂ ನೆಲದವರಿಗೂ. ನೀರಿನವರು ಒಂದು ಕಡೆ, ನಾವು ಬೀದರ ಜಿಲ್ಲೆಯವರು ಒಂದು ಕಡೆ. ನಮ್ಮ ಕಡೆ ಇವರು, ಇವರ ಮನೆಯವರು, ಎಪ್ಪತ್ತು ದಾಟಿದ ನಮ್ಮ ಅತ್ತೆ. ಹೇಳಿಕೊಟ್ಟವನು ನಾನು. ಹುಟ್ಟಿದಾಗಿನಿಂದ ಹಗ್ಗ ಹಿಡಿದವರನ್ನು ಜಗ್ಗಿ ಒಗೆದು ಬಂದೆವು, ಎಂದರು.

ಮೂಲೆಯಲ್ಲಿದ್ದ ಒಬ್ಬ ಹಿರಿಯ ರೈತ ನಮ್ಮವರ ಕಡೆ ನೋಡಿ, "ಖರೇನ್ರಿ ಮಾಲಕ್, ಗೆದ್ರೇನ್ರಿ?" ಎಂದು ಕೇಳಿದ.

ನಮ್ಮವರು ನನ್ನ ಕಡೆ ನೋಡಲಿಲ್ಲ. ಭಾವನ ಕಡೆ ನೋಡಿದರು. ಭಾವ ಎಲೆ ಅಡಿಕೆಯ ತಟ್ಟೆ ಅವರ ಮುಂದೆ ಸರಿಸಿದರು.

"ಹೂಂನ್ರಿ," ಅಂದರು ನಮ್ಮವರು. "ಗೆದ್ದೇವಿ."

"ಮತ್ತ ಮೀನು?"

"ಮೀನಿಂದು ಬ್ಯಾರೆ ಮಾತು ಬಿಡ್ರಿ," ಅಂದರು ಭಾವ. ನಮ್ಮವರು ಸಣ್ಣಗೆ ತಲೆಯಾಡಿಸಿ ಒಂದು ಎಲೆ ತೆಗೆದುಕೊಂಡು ಸುಣ್ಣ ಹಚ್ಚತೊಡಗಿದರು.